ಮ್ಯಾಗ್ನಮ್ ತೋಟಾ

ಮ್ಯಾಗ್ನಮ್ ತೋಟಾ ಎಂದರೆ ಅದೇ ಅಳತೆಯ ಸಾಮಾನ್ಯ ತೋಟಾಕ್ಕಿಂತ ಹೆಚ್ಚು ಮದ್ದು ಹಿಡಿದು, ಗುಂಡನ್ನು ಹೆಚ್ಚು ವೇಗವಾಗಿ ಹಾರಿಸುವ ತೋಟಾ. ಯಾವ ಕಂಪನಿಯೂ ಮಾರದ ಅಳತೆಗೆ ಬಂದೂಕು ಕಸಬುದಾರರು ತಾವೇ ಮಾರ್ಪಡಿಸಿಕೊಂಡ ತೋಟಾಕ್ಕೆ ‘ವೈಲ್ಡ್‌ಕ್ಯಾಟ್’ ಎನ್ನುತ್ತಾರೆ.

ಈ ಎರಡೂ ಕೂಡಿದ್ದು ಅಮೆರಿಕದಲ್ಲಿ. ವಕೀಲ ಚಾರ್ಲ್ಸ್ ನ್ಯೂಟನ್ 1913ರ ಹೊತ್ತಿಗೆ ರೂಪಿಸಿದ .30 ನ್ಯೂಟನ್, ಮ್ಯಾಗ್ನಮ್ ಹೆಸರಿಲ್ಲದಿದ್ದರೂ ಬಲದಲ್ಲಿ ಅದೇ. ಮುಂದಿನವರಿಗೆ ಅಚ್ಚಾಗಿ ಒದಗಿದ್ದು ಮಾತ್ರ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ .375 (1912) ಮತ್ತು .300 (1925). ಇವುಗಳ ಹಿತ್ತಾಳೆ ಕೊಳವೆ ಬುಡದಿಂದ ಮೇಲಕ್ಕೆ ಸಣ್ಣಗಾಗುತ್ತ ಹೋಗುತ್ತದೆ. ಅದಕ್ಕೆ ನಮ್ಮಂಥ ಸೆಕೆಯ ನಾಡುಗಳೂ ಕಾರಣ: ಬಿಸಿಲಿಗೆ ಕಾರ್ಡೈಟ್ ಮದ್ದಿನ ಒತ್ತಡ ಏರಿ, ಹಾರಿಸಿದ ಮೇಲೆ ಖಾಲಿ ಕೊಳವೆ ಬಂದೂಕಿನೊಳಗೇ ಕಚ್ಚಿಕೊಳ್ಳುತ್ತಿತ್ತು, ಮೈ ಇಳಿಜಾರಾದರೆ ಸಲೀಸಾಗಿ ಕಳಚುತ್ತದೆ. ತೋಟಾ ಹೆಚ್ಚು ಒಳಗೆ ಜಾರದಿರಲೆಂದು ಬುಡದ ಸುತ್ತ ಒಂದು ಪಟ್ಟಿ. ಕಾರ್ಡೈಟ್ ಬಳಸದ ಅಮೆರಿಕನ್ನರಿಗೆ ಆ ಇಳಿಜಾರು ದಂಡದ ಜಾಗವಾಗಿ ಕಂಡಿತು. 1940ರ ದಶಕದಲ್ಲಿ ಅಲ್ಲಿನ ಬಂದೂಕು ಕಸಬುದಾರ ರಾಯ್ ವೆದರ್‌ಬಿ .300ರ ಮೈಯನ್ನು ನೆಟ್ಟಗಾಗಿಸಿ, ಕೊಳವೆ ಕುತ್ತಿಗೆಗೆ ಕಿರಿದಾಗುವ ಹೆಗಲನ್ನು ದುಂಡಗಾಗಿಸಿ, ಉಳಿದ ಜಾಗಕ್ಕೆ ಮದ್ದು ತುಂಬಿದ. ಪಟ್ಟಿ ಹಾಗೇ ಉಳಿಯಿತು.

ನಮ್ಮ ಕಡೆ ತೋಟಾದ ಅಳತೆ ಗೊತ್ತುಮಾಡಿದ್ದು ಬೇಟೆಗಾರನಿಗಿಂತ ಸರ್ಕಾರದ ಅಂಜಿಕೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಬಂಡೆದ್ದರು. 1878ರಲ್ಲಿ ಶಸ್ತ್ರ ಕಾಯ್ದೆ ಬಂತು. 1907ರಲ್ಲಿ .450 ಅಳತೆಯ ತೋಟಾಗಳನ್ನು ಭಾರತಕ್ಕೆ ತರಿಸುವುದನ್ನೇ ಬ್ರಿಟಿಷರು ನಿಷೇಧಿಸಿದರು. ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕಿನ ಅಳತೆಯೂ ಅದೇ, ಬಂಡಾಯಗಾರರ ಕೈಸೇರೀತೆಂಬ ಭಯ. ಹಾಲೆಂಡ್ ಕಂಪನಿ ಅದೇ ವರ್ಷ .465ರ ತೋಟಾ ತಂದಿತು. ಹೆಸರಿನ ಲೆಕ್ಕದಲ್ಲಿ ಇಂಚಿನ ನೂರರಲ್ಲಿ ಎರಡು ಪಾಲೂ ಇಲ್ಲದ ವ್ಯತ್ಯಾಸ, ಕಾನೂನಿಗೆ ಅಷ್ಟು ಸಾಕಾಯಿತು. ಅದಕ್ಕೆ ‘ಇಂಡಿಯಾ ರಾಯಲ್’ ಎಂಬ ಅಡ್ಡಹೆಸರೂ ಬಿತ್ತು. ಸೈನ್ಯದ .303 ನಾಗರಿಕರಿಗೆ ಸಿಗದ್ದರಿಂದಲೇ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಬಳಕೆಗೆ ಬಂತು.

ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನುಹತ್ತಿದ್ದು .405 ವಿಂಚೆಸ್ಟರ್ ಹಿಡಿದು. 1904ರ ಈ ತೋಟಾ ಮ್ಯಾಗ್ನಮ್ಮೂ ಅಲ್ಲ, ವೈಲ್ಡ್‌ಕ್ಯಾಟೂ ಅಲ್ಲ. ಕಾಡಿನಲ್ಲಿ ಸಮೀಪದಿಂದ ಹೊಡೆಯುವವನಿಗೆ ವೇಗದ ಹುಚ್ಚು ಬೇಕಿರಲಿಲ್ಲ.

ಇನ್ನು ವೈಲ್ಡ್‌ಕ್ಯಾಟ್ ಮಾತಿಗೆ ಬಂದರೆ, 1959ರ ಶಸ್ತ್ರ ಕಾಯ್ದೆಯಂತೆ ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದೂ ಮಾರ್ಪಡಿಸುವುದೂ ಅಪರಾಧ.