ಸ್ವ–ಪರ ವಿವೇಚನೆ: ಒಂದು ಪರಿಕಲ್ಪನೆಯ ಚರಿತ್ರೆ

ರೋಗನಿರೋಧಕ ಕೋಶಗಳು ದೇಹದ ಸ್ವಂತ ಅಂಶವನ್ನೂ ಅನ್ಯವನ್ನೂ ಬೇರ್ಪಡಿಸಲು ಕಲಿಯುತ್ತವೆ ಎಂಬ ಅರಿವಿಗೆ ಅವಳಿ ಕರುಗಳ ರಕ್ತಪರೀಕ್ಷೆ ದಾರಿಮಾಡಿತು. ಗರ್ಭದಲ್ಲಿ ರಕ್ತನಾಳಗಳು ಬೆಸೆದಿದ್ದ ಅಂತಹ ಕರುಗಳು ಬೆಳೆದ ಮೇಲೂ ಪರಸ್ಪರರ ರಕ್ತಕಣಗಳನ್ನು ಉಳಿಸಿಕೊಂಡಿರುವುದನ್ನು 1945ರಲ್ಲಿ ಅಮೆರಿಕದ ರೇ ಓವನ್ ವರದಿಮಾಡಿದರು. ಭ್ರೂಣಾವಸ್ಥೆಯಲ್ಲಿ ಎದುರಾದುದನ್ನು ದೇಹವು ತನ್ನದೆಂದೇ ಬಗೆಯುತ್ತದೆಂದು 1949ರಲ್ಲಿ ಬರ್ನೆಟ್ ಮತ್ತು ಫೆನ್ನರ್ ಪ್ರತಿಪಾದಿಸಿದರು. 1953ರಲ್ಲಿ ಮೆಡಾವರ್ ಮತ್ತು ಸಹೋದ್ಯೋಗಿಗಳು ಇಲಿಗಳಲ್ಲಿ ಚರ್ಮದ ಕಸಿಯ ಮೂಲಕ ಇದನ್ನು ಸಮರ್ಥಿಸಿದರು. 1960ರ ನೊಬೆಲ್ ಪ್ರಶಸ್ತಿ ಬರ್ನೆಟ್, ಮೆಡಾವರ್ ಅವರಿಗೆ ಸಂದಿತು. ಓವನ್ ಅದರಲ್ಲಿ ಸೇರಲಿಲ್ಲ.

1961ರಲ್ಲಿ ಜಾಕ್ ಮಿಲ್ಲರ್ ಥೈಮಸ್ ಗ್ರಂಥಿಯ ಮಹತ್ವವನ್ನು ತೋರಿಸಿದರು. ಸ್ವಂತ ಅಂಶಗಳಿಗೆ ಬಲವಾಗಿ ಅಂಟುವ ಟಿ ಕೋಶಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ. ತಪ್ಪಿಸಿಕೊಂಡವನ್ನು ಹತೋಟಿಯಲ್ಲಿಡುವ ನಿಯಂತ್ರಕ ಕೋಶಗಳನ್ನು 1995ರಲ್ಲಿ ಸಕಾಗುಚಿ ಗುರುತಿಸಿದರು. ಹೀಗೆ ಭ್ರೂಣಾವಸ್ಥೆಯ ಕಲಿಕೆಯೆಂದು ಭಾವಿಸಲಾಗಿದ್ದ ಸಹಿಷ್ಣುತೆಯು ಜೀವಮಾನದ ಕಾವಲೆಂದು ಸಿದ್ಧವಾಯಿತು.