ಶಂಕೆ ಮತ್ತು ಪರೀಕ್ಷೆ

ಜಿನವಾಣಿ ನಿಜವೇ ಎಂಬ ಸಂದೇಹಕ್ಕೆ ಜೈನ ಪರಿಭಾಷೆಯಲ್ಲಿ ಶಂಕೆ ಎಂದು ಹೆಸರು. ತತ್ತ್ವಾರ್ಥಸೂತ್ರದ 7ನೇ ಅಧ್ಯಾಯ ಸಮ್ಯಗ್ದೃಷ್ಟಿಯ 5 ಅತಿಚಾರಗಳಲ್ಲಿ ಇದನ್ನೇ ಮೊದಲು ಹೇಳುತ್ತದೆ. ಸಮ್ಯಗ್ದರ್ಶನದ 8 ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ. ಅದಕ್ಕೆ ದೃಷ್ಟಾಂತ ಅಂಜನ ಚೋರನ ಕಥೆ.

ಹಾಗೆಂದು ಪ್ರಶ್ನಿಸಲೇಬಾರದು ಎಂದಲ್ಲ. ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ ಆರಂಭವಾಗುವುದೇ ಪರೀಕ್ಷೆಯಿಂದ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲೂ ಕಾಣುತ್ತವೆ; ಅಷ್ಟರಿಂದಲೇ ಜಿನರು ತಮಗೆ ದೊಡ್ಡವರಲ್ಲ ಎನ್ನುತ್ತಾರೆ ಆಚಾರ್ಯರು. ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ಮಾತೇ ಅವರು ಕಂಡ ಆಪ್ತನ ಗುರುತು. ಇಷ್ಟು ನಿಷ್ಠುರವಾದ ಮಾತನ್ನು ಆಡಿದವರು ಭಕ್ತರೇ ಎಂಬುದು ಗಮನಾರ್ಹ. ಈ ಗ್ರಂಥಕ್ಕೆ ಅಕಲಂಕರು ‘ಅಷ್ಟಶತೀ’ಯನ್ನೂ ವಿದ್ಯಾನಂದರು ‘ಅಷ್ಟಸಹಸ್ರೀ’ಯನ್ನೂ ಬರೆದರು. ಮಕ್ಕಳು ಪ್ರಶ್ನೆ ಕೇಳಿದರೆ ಗದರುವ ಹಿರಿಯರು ಇದರ ಮೊದಲ ಶ್ಲೋಕವನ್ನಾದರೂ ಅರ್ಥಸಹಿತ ಓದಬೇಕು.

ಪುತ್ತೂರು, ಸುಳ್ಯ, ಕಡಬ ಭಾಗದ ಮನೆಗಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು (1902–1997) ದೇವರ ವಿಷಯದಲ್ಲಿ ಸಂದೇಹವಾದಿ. ಅವರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯಲ್ಲಿ ಮೊಮ್ಮಗ ಸುಬ್ಬರಾಯ ದೇವರ ಬಗ್ಗೆಯೇ ಕೇಳುತ್ತಾನೆ. ಅಜ್ಜಿ ಅವನ ಬಾಯಿ ಮುಚ್ಚಿಸದೆ ಜೊತೆಗೆ ಕೂತು ಮಾತಾಡುತ್ತಾಳೆ.