ತೈಪೂಸಂ

ತಮಿಳು ಹಿಂದೂಗಳು ಮುರುಗನಿಗೆ ಹರಕೆ ಒಪ್ಪಿಸುವ ಹಬ್ಬ. ತಮಿಳು ಪಂಚಾಂಗದ ತೈ ತಿಂಗಳಲ್ಲಿ ಪುಷ್ಯ ನಕ್ಷತ್ರ ಕೂಡುವ ದಿನ, ಸಾಮಾನ್ಯವಾಗಿ ಹುಣ್ಣಿಮೆಯಂದು, ಆಚರಿಸುತ್ತಾರೆ. ಜನವರಿ ಇಲ್ಲವೇ ಫೆಬ್ರವರಿಯಲ್ಲಿ ಬರುತ್ತದೆ. 2024ರಲ್ಲಿ ಜನವರಿ 25ರಂದು, 2025ರಲ್ಲಿ ಫೆಬ್ರವರಿ 11ರಂದು ಬಂದಿತ್ತು. ಹಬ್ಬದ ಬೇರು ತಮಿಳುನಾಡಿನ ಪಳನಿ ಮೊದಲಾದ ಬೆಟ್ಟದ ಗುಡಿಗಳಲ್ಲಿದ್ದರೂ, ಲೋಕಕ್ಕೆಲ್ಲ ಇದರ ಹೆಸರು ಗೊತ್ತಾದದ್ದು ಮಲೇಷ್ಯಾದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟ, ರೈಲು ಮಾರ್ಗ, ಬಂದರುಗಳ ಕೂಲಿಗೆಂದೂ ಲೇವಾದೇವಿಗೆಂದೂ ಹಡಗು ಹತ್ತಿದ ತಮಿಳರು ಹೋದಲ್ಲೆಲ್ಲ ಮುರುಗನಿಗೊಂದು ಗುಡ್ಡ ಹುಡುಕಿದರು.

ಪಾರ್ವತಿ ತನ್ನ ಮಗನಿಗೆ ಶೂರಪದ್ಮನನ್ನು ಗೆಲ್ಲಲು ವೇಲಾಯುಧ ಕೊಟ್ಟ ದಿನ ಇದು ಎಂದು ನಂಬಿಕೆ. ಹರಕೆ ಹೊತ್ತವರು ಹೆಗಲ ಮೇಲೆ ಹೊರುವ ಕಾವಡಿಗೆ ಬೇರೆಯದೇ ಕಥೆಯಿದೆ. ಅಗಸ್ತ್ಯರ ಅಪ್ಪಣೆಯಂತೆ ಇಡುಂಬನೆಂಬ ಅಸುರ ಶಿವಗಿರಿ, ಶಕ್ತಿಗಿರಿ ಎಂಬ ಎರಡು ಗುಡ್ಡಗಳನ್ನು ಅಡ್ಡೆಗೆ ಕಟ್ಟಿ ಹೊತ್ತು ತರುತ್ತಿದ್ದ. ಪಳನಿಯ ಬಳಿ ದಣಿವಾರಿಸಿಕೊಳ್ಳಲು ಇಳಿಸಿದವನು ಮತ್ತೆ ಎತ್ತಲಾರದೆ ಹೋದ. ಗುಡ್ಡದ ಮೇಲೆ ಕೌಪೀನ ಉಟ್ಟ ಹುಡುಗನೊಬ್ಬ ನಿಂತಿದ್ದ. ಜಗಳವಾಗಿ ಇಡುಂಬ ಸತ್ತ, ಆ ಹುಡುಗನೇ ಆದ ಮುರುಗ ಅವನನ್ನು ಬದುಕಿಸಿದ. ತನ್ನಂತೆ ಹೆಗಲ ಮೇಲೆ ಹೊರೆ ಹೊತ್ತು ಬಂದವರನ್ನು ಕಾಪಾಡಬೇಕೆಂದು ಇಡುಂಬ ಬೇಡಿಕೊಂಡನಂತೆ. ಸೋತವನ ಹೆಸರಿನಲ್ಲಿ ನಡೆಯುವ ಸೇವೆ ಇದೆಂಬುದನ್ನು ಮರೆಯಬಾರದು. ಕನ್ನಡ ನಾಡಿನ ಸುಬ್ರಹ್ಮಣ್ಯನಿಗೆ ಈ ಕಥೆಯ ಸೋಂಕು ಕಡಿಮೆ. ಕುಕ್ಕೆಯಲ್ಲೂ ಘಾಟಿಯಲ್ಲೂ ಅವನು ನಾಗರೂಪಿ, ಅವನ ದೊಡ್ಡ ದಿನ ಷಷ್ಠಿ. ಬೆಂಗಳೂರು, ಕೋಲಾರ ಚಿನ್ನದ ಗಣಿಯ ಸುತ್ತಲ ತಮಿಳು ಕೇರಿಗಳಲ್ಲಿ ಕಾವಡಿ ಹೊರುವುದುಂಟು, ಆದರೆ ಅದರ ಸಡಗರವಿರುವುದು ಆಡಿಕೃತ್ತಿಕೆಗೆ.

ಮಲೇಷ್ಯಾದ ರಾಜಧಾನಿ ಕ್ವಾಲಾಲಂಪುರದ ಉತ್ತರಕ್ಕಿರುವ ಬಾಟು ಗುಹೆಗಳು ಈ ಹಬ್ಬದ ದೊಡ್ಡ ಕೇಂದ್ರ. ಸುಣ್ಣಕಲ್ಲಿನ ಗುಡ್ಡದೊಳಗಿನ ಈ ಗುಹೆಯ ಬಾಯಿ ವೇಲಿನ ಆಕಾರದಲ್ಲಿದೆ ಎಂದು ಕಂಡ ವ್ಯಾಪಾರಿ ತಂಬುಸಾಮಿ ಪಿಳ್ಳೈ 1890ರ ಸುಮಾರಿಗೆ ಇಲ್ಲಿ ಮುರುಗನನ್ನು ನೆಲೆಗೊಳಿಸಿದರು. 1892ರಿಂದ ತೈಪೂಸಂ ನಡೆಯುತ್ತಿದೆ. ಮೇಲೇರಲು 1920ರಲ್ಲಿ ಮರದ ಮೆಟ್ಟಿಲು ಹಾಕಿದರು; ಈಗಿರುವುದು ಕಾಂಕ್ರೀಟಿನ 272 ಮೆಟ್ಟಿಲುಗಳು. ಬುಡದಲ್ಲಿ 42.7 ಮೀಟರ್ ಎತ್ತರದ ಹೊಂಬಣ್ಣದ ಮುರುಗನ ವಿಗ್ರಹ 2006ರಲ್ಲಿ ಎದ್ದು ನಿಂತಿತು. 2018ರ ಕುಂಭಾಭಿಷೇಕಕ್ಕೆ ಮೆಟ್ಟಿಲುಗಳಿಗೆಲ್ಲ ಕಾಮನಬಿಲ್ಲಿನ ಬಣ್ಣ ಬಳಿದಾಗ, ಅನುಮತಿ ಕೇಳಲಿಲ್ಲವೆಂದು ಪರಂಪರೆ ಇಲಾಖೆ ತಕರಾರು ತೆಗೆಯಿತು. ಬಣ್ಣ ಮಾತ್ರ ಉಳಿಯಿತು.

ಕ್ವಾಲಾಲಂಪುರದ ಮಹಾಮಾರಿಯಮ್ಮನ ಗುಡಿಯಿಂದ ಬೆಳ್ಳಿ ರಥ ಹೊರಡುವುದು ರಾತ್ರಿ. ಸುಮಾರು 15 ಕಿ.ಮೀ. ದೂರದ ಗುಹೆ ತಲುಪುವಾಗ ಬೆಳಕು ಹರಿದು ಎಷ್ಟೋ ಹೊತ್ತಾಗಿರುತ್ತದೆ. ಕಾವಡಿ ಹೊರುವವರು ಅದಕ್ಕೂ ವಾರಗಳ ಮುಂಚೆ ವ್ರತ ಹಿಡಿದಿರುತ್ತಾರೆ. ಮಾಂಸ, ಮದ್ಯ ಬಿಟ್ಟು, ನೆಲದ ಮೇಲೆ ಮಲಗಿ, ಬ್ರಹ್ಮಚರ್ಯ ಪಾಲಿಸುವ ಈ ವ್ರತವನ್ನು ಕಟ್ಟುನಿಟ್ಟಿನವರು ಪೂರ್ತಿ ಒಂದು ಮಂಡಲ, ಅಂದರೆ 48 ದಿನ ನಡೆಸುತ್ತಾರೆ. ಹಬ್ಬದ ದಿನ ಗುಡ್ಡದ ಸಮೀಪದ ಹೊಳೆಯ ದಡದಲ್ಲಿ ಮಿಂದು, ವಿಭೂತಿ ಬಳಿದುಕೊಂಡು ನಿಲ್ಲುತ್ತಾರೆ. ಉರುಮಿಯ ಗುರುಗುಟ್ಟುವ ನಾದ ಏರುತ್ತದೆ, ಸುತ್ತ ನಿಂತವರು ‘ವೇಲ್ ವೇಲ್’ ಎಂದು ಕೂಗುತ್ತಾರೆ, ಮೈಮೇಲೆ ಆವೇಶ ಬರುತ್ತದೆ. ಆಗಲೇ ನಾಲಗೆಗೂ ಕೆನ್ನೆಗೂ ಪುಟ್ಟ ವೇಲನ್ನು ತೂರಿಸುವುದು, ಬೆನ್ನಿಗೆ ಸಾಲುಸಾಲಾಗಿ ಕೊಕ್ಕೆ ಸಿಕ್ಕಿಸುವುದು. ಕೊಕ್ಕೆಗಳಿಂದ ನಿಂಬೆಹಣ್ಣೋ ಪುಟಾಣಿ ಹಾಲಿನ ಗಿಂಡಿಗಳೋ ತೂಗುತ್ತವೆ. ನವಿಲುಗರಿ ಸಿಂಗರಿಸಿದ ಲೋಹದ ಚೌಕಟ್ಟಿನ ಕಾವಡಿ ಹೊತ್ತವರು ಜನಜಂಗುಳಿಯ ನಡುವೆ ಕುಣಿಯುತ್ತಲೇ ಮೆಟ್ಟಿಲು ಹತ್ತುತ್ತಾರೆ. ಜೊತೆಯಲ್ಲಿ ಮನೆಯವರು ಒಂದು ಮುಕ್ಕಾಲಿಯನ್ನೋ ಸ್ಟೂಲನ್ನೋ ಹಿಡಿದು ನಡೆಯುತ್ತಿರುತ್ತಾರೆ. ಹೊತ್ತವನು ಸುಸ್ತಾದರೆ ಕೂರಬೇಕಲ್ಲ. ಮೇಲೆ ಗುಹೆಯೊಳಗೆ ಹಾಲು ಒಪ್ಪಿಸಿದ ಬಳಿಕ ಕೊಕ್ಕೆ, ಶೂಲ ಕಿತ್ತು ಗಾಯಕ್ಕೆ ವಿಭೂತಿ ಒತ್ತುತ್ತಾರೆ.

ಪತ್ರಿಕೆಗಳಿಗೆ ಬೇಕಾದದ್ದು ಈ ಚಿತ್ರಗಳೇ, ಹಾಗಾಗಿ ತೈಪೂಸಂ ಎಂದರೆ ಮೈ ಚುಚ್ಚಿಕೊಳ್ಳುವ ಹಬ್ಬವೆಂದು ಹೊರಗಿನವರು ತಿಳಿದಿದ್ದಾರೆ. ಲೆಕ್ಕದಲ್ಲಿ ಹೆಚ್ಚಿನವರು ತಲೆಯ ಮೇಲೊಂದು ಹಾಲಿನ ಕೊಡ ಹೊತ್ತು, ಹಳದಿ ಬಟ್ಟೆಯುಟ್ಟು, ಬರಿಗಾಲಲ್ಲಿ ನಡೆಯುವವರು. ಮುಡಿ ಕೊಡುವವರಿದ್ದಾರೆ. ಹರಕೆಯಿಂದ ಮಗು ಹುಟ್ಟಿದ್ದರೆ ತಾಯಿತಂದೆ ಕಬ್ಬಿನ ಜಲ್ಲೆಗಳಿಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿ, ಅದರಲ್ಲಿ ಮಗುವನ್ನು ಮಲಗಿಸಿ, ಎರಡೂ ಕಡೆ ಹೆಗಲು ಕೊಟ್ಟು ಬರುತ್ತಾರೆ. ಇಡೀ ಮೆರವಣಿಗೆಯಲ್ಲಿ ನೋಡಲೇಬೇಕಾದದ್ದು ಈ ಕಬ್ಬಿನ ತೊಟ್ಟಿಲು.

ಪಿನಾಂಗ್‌ನಲ್ಲಿ ಹಬ್ಬದ ಚಹರೆ ಬದಲಾಗುತ್ತದೆ. ಇಲ್ಲಿ ಲೇವಾದೇವಿಯ ನಾಟ್ಟುಕೋಟೈ ಚೆಟ್ಟಿಯಾರರ ಬೆಳ್ಳಿ ರಥಕ್ಕೆ 1894ರಷ್ಟು ಹಳೆಯ ಇತಿಹಾಸವಿದೆ. 2017ರಿಂದ ಇನ್ನೊಂದು, ಚಿನ್ನದ ರಥವೂ ಬೀದಿಗಿಳಿದಿದೆ. ರಥ ಬರುವ ದಾರಿಯುದ್ದಕ್ಕೂ ತೆಂಗಿನಕಾಯಿ ರಾಶಿ ಹಾಕಿಕೊಂಡು ಕಾಯುತ್ತಾರೆ, ಹತ್ತಿರವಾಗುತ್ತಲೇ ರಸ್ತೆಗೆ ಅಪ್ಪಳಿಸಿ ಒಡೆಯುತ್ತಾರೆ. ಒಡೆಯುವವರಲ್ಲಿ ಚೀನೀಯರೂ ಬಹಳ. ವ್ಯಾಪಾರ ಕೈಹಿಡಿದದ್ದಕ್ಕೋ ಕಾಯಿಲೆ ವಾಸಿಯಾದದ್ದಕ್ಕೋ ಅವರೂ ಹರಕೆ ಹೊತ್ತಿರುತ್ತಾರೆ, ಕೆಲವರು ಕಾವಡಿಯನ್ನೂ ಹೊರುತ್ತಾರೆ. ಬೆಟ್ಟದ ಮೇಲಿನ ಬಾಲದಂಡಾಯುಧಪಾಣಿ ಗುಡಿಗೆ ಬಾಟು ಗುಹೆಗಿಂತ ಎಷ್ಟೋ ಹೆಚ್ಚು, 500ಕ್ಕೂ ಮೀರಿದ ಮೆಟ್ಟಿಲುಗಳಿವೆ.

ಸಿಂಗಪುರದಲ್ಲಿ ಹತ್ತುವ ಗುಡ್ಡವಿಲ್ಲ, ನಡೆಯುವ ರಸ್ತೆಯಿದೆ. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಿಂದ, ಚೆಟ್ಟಿಯಾರರು 1859ರಲ್ಲಿ ಕಟ್ಟಿಸಿದ ಟ್ಯಾಂಕ್ ರಸ್ತೆಯ ದಂಡಾಯುಧಪಾಣಿ ಗುಡಿಯವರೆಗೆ ಸಾಲು ಸಾಗುತ್ತದೆ. ವಿಷ್ಣುವಿನ ಗುಡಿಯಲ್ಲಿ ಕಾವಡಿ ಕಟ್ಟಿ ಸೋದರಳಿಯನ ಗುಡಿಯಲ್ಲಿ ಇಳಿಸುವ ಈ ಏರ್ಪಾಡು ಚೆಂದವಾಗಿದೆ. ಸರ್ಕಾರದ ಕಟ್ಟಳೆ ಮಾತ್ರ ಬಿಗಿ. 1968ರಲ್ಲಿ ರಜೆಗಳನ್ನು ಕಡಿತ ಮಾಡಿದಾಗ ಹಿಂದೂಗಳ ಪಾಲಿಗೆ ದೀಪಾವಳಿ ಉಳಿದು ತೈಪೂಸಂ ಪಟ್ಟಿಯಿಂದ ಹೋಯಿತು. 1973ರಿಂದ ದಾರಿಯಲ್ಲಿ ವಾದ್ಯ ನುಡಿಸುವುದಕ್ಕೂ ತಡೆ ಬಿತ್ತು. ಉರುಮಿಯಿಲ್ಲದೆ ಕಾವಡಿ ಹೊರುವುದೆಂದರೆ ನೋವನ್ನು ಎಚ್ಚರದಲ್ಲೇ ಹೊರುವುದು; ಭಕ್ತರ ಬೇಸರ ಸಹಜವೇ. 2016ರಿಂದ ಗೊತ್ತುಪಡಿಸಿದ ಕೆಲವು ಜಾಗಗಳಲ್ಲಿ ವಾದ್ಯಕ್ಕೆ ಅವಕಾಶ ಸಿಕ್ಕಿದೆ. ಪಕ್ಕದ ಮಲೇಷ್ಯಾದಲ್ಲಿ ಇದಕ್ಕೆ ತದ್ವಿರುದ್ಧ: ಪಿನಾಂಗ್, ಸೆಲಂಗೋರ್, ಪೆರಾಕ್ ಮೊದಲಾದ ರಾಜ್ಯಗಳಲ್ಲಿ ರಜೆಯಿದ್ದುದರ ಜೊತೆಗೆ 2008ರಲ್ಲಿ ಕ್ವಾಲಾಲಂಪುರಕ್ಕೂ ಸಿಕ್ಕಿತು.

ಹಿಂದೂ ಮಹಾಸಾಗರದ ಆಚೆ ದಂಡೆಯಲ್ಲಿ ಹಬ್ಬಕ್ಕೆ ಹೂವಿನ ಘಮವಿದೆ. ಮಾರಿಷಸ್‌ನಲ್ಲಿ ‘ತೈಪೂಸಂ ಕಾವಡಿ’ ರಾಷ್ಟ್ರೀಯ ರಜಾದಿನ. ಅಲ್ಲಿಯ ಕಾವಡಿ ಲೋಹದ್ದಲ್ಲ, ಮರದ ಕಮಾನಿಗೆ ಗರಿ, ಎಲೆ, ಹೂವು ಹೊದಿಸಿದ್ದು. ಇಕ್ಕೆಲದಲ್ಲೂ ಹಾಲಿನ ಚೆಂಬು ತೂಗುತ್ತದೆ. ಗುಡಿ ಸೇರುವವರೆಗೆ ಹಾಲು ಒಡೆಯದಿದ್ದರೆ ವ್ರತ ಸರಿಯಾಗಿ ನಡೆದಿದೆ ಎಂದರ್ಥ. ಜನವರಿಯ ಆ ದಕ್ಷಿಣ ಗೋಳದ ಸೆಕೆಯಲ್ಲಿ ಇದು ಸಣ್ಣ ಪರೀಕ್ಷೆಯಲ್ಲ. ಹತ್ತು ದಿನದ ಉಪವಾಸ ಮುಗಿದ ಮೇಲೆ ಬಾಳೆಎಲೆಯಲ್ಲಿ ಅನ್ನಕ್ಕೆ ಏಳು ಬಗೆಯ ಪಲ್ಯಸಾರು ಬಡಿಸಿ ಊಟ ಹಾಕುತ್ತಾರೆ. ನೆರೆಯ ರೀಯೂನಿಯನ್ ದ್ವೀಪದಲ್ಲಿ ತಮಿಳು ಮೂಲದವರ ಮನೆಮಾತು ಎಂದೋ ಕ್ರಿಯೋಲ್ ಆಗಿದೆ, ಮಂತ್ರ ಕಾವಡಿಗಳು ಉಳಿದಿವೆ. 1860ರಲ್ಲಿ ಮದರಾಸಿನಿಂದ ಹೊರಟ ‘ಟ್ರೂರೊ’ ಹಡಗಿನೊಂದಿಗೆ ಕೂಲಿ ವಲಸೆ ಆರಂಭವಾದ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ತೈಪೂಸಕ್ಕೊಮ್ಮೆ, ಚಿತ್ರಾ ಹುಣ್ಣಿಮೆಗೊಮ್ಮೆ ಕಾವಡಿ ನಡೆಯುತ್ತದೆ. ಫಿಜಿಯ ನಾಡಿ ಪಟ್ಟಣದ ಶಿವಸುಬ್ರಹ್ಮಣ್ಯ ಗುಡಿಯಲ್ಲೂ ಹಬ್ಬವಿದೆ.

ಹೊರಗೆ ಬೆಳೆದ ಹಬ್ಬ ಈಚೆಗೆ ತವರಿನ ಮೇಲೂ ಪ್ರಭಾವ ಬೀರುತ್ತಿದೆ. ಪಳನಿಗೆ ಕಾಲ್ನಡಿಗೆಯಲ್ಲಿ ಹೋಗುವ ಲಕ್ಷಾಂತರ ಜನ ಯಾವ ರಜೆಯನ್ನೂ ಕೇಳದೆ ನಡೆದುಕೊಂಡೇ ಬಂದಿದ್ದರು. ತಮಿಳುನಾಡು ಸರ್ಕಾರ ತೈಪೂಸಕ್ಕೆ ಸಾರ್ವಜನಿಕ ರಜೆ ಕೊಟ್ಟದ್ದು 2021ರಲ್ಲಿ, ಮಲೇಷ್ಯಾದ ರಾಜ್ಯಗಳಿಗಿಂತ ಎಷ್ಟೋ ತಡವಾಗಿ. ಮರುವರ್ಷ ಸೇಲಂ ಜಿಲ್ಲೆಯಲ್ಲಿ 146 ಅಡಿ ಎತ್ತರದ ಮುರುಗ ವಿಗ್ರಹ ಸಿದ್ಧವಾಯಿತು. ಬಾಟು ಗುಹೆಯದಕ್ಕಿಂತ ಆರಡಿ ಎತ್ತರ, ರೂಪ ಬಹುಪಾಲು ಅದರದ್ದೇ.